ತೋಟದ ಬಾಗಿಲಿಗೊಂದು ಹೂಮರ: ಕ್ರೇಪ್ ಗಿಡವೂ ಅದರ ಬಂಧುಗಳೂ

ಮುಂಗಾರು ಹಿಡಿಯುವ ಹೊತ್ತಿಗೆ ಸಸಿ ತರಲು ಹೊರಡುವ ಬೆಳೆಗಾರರ ಚೀಟಿಯಲ್ಲಿ ಅಡಿಕೆ, ಬಾಳೆ, ಮೆಣಸುಗಳ ಕೆಳಗೆ ಈಚೀಚೆಗೆ ಒಂದೆರಡು ಹೂಮರಗಳ ಹೆಸರೂ ಕಾಣಿಸಿಕೊಳ್ಳುತ್ತಿದೆ. ತೋಟದ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದವರಿಗೆ ಅಂಗಳ ಬರಿದಾಗಿ ಕಾಣುತ್ತದೆ. ರಸ್ತೆಯಿಂದ ತೋಟಕ್ಕೆ ತಿರುಗುವ ದಾರಿಯಲ್ಲಿ ನೆರಳಿಗೂ ನೋಟಕ್ಕೂ ಏನಾದರೊಂದು ಇರಲಿ ಅನ್ನಿಸುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಮಣ್ಣಿನಲ್ಲಿ ದುಡಿಯುವವನ ಕಣ್ಣಿಗೂ ಒಂದಿಷ್ಟು ತಂಪು ಬೇಕು.

ಆದರೆ ಎರಡು ಎಕರೆಯ ಸಣ್ಣ ಬೆಳೆಗಾರನಿಗೆ ಒಂದು ಮರ ನೆಡುವುದೆಂದರೆ ಅದು ಬರಿಯ ಅಲಂಕಾರದ ಮಾತಲ್ಲ. ಮರ ಜಾಗ ಹಿಡಿಯುತ್ತದೆ, ನೀರು ಕೇಳುತ್ತದೆ, ಬೇರು ಹರಡುತ್ತದೆ, ನೆರಳು ಚೆಲ್ಲುತ್ತದೆ. ಕೊಳವೆಬಾವಿಯ ನೀರು ಇಳಿಯುವ ಬೇಸಿಗೆಯಲ್ಲಿ ಒಂದೊಂದು ಕೊಡಕ್ಕೂ ಲೆಕ್ಕವಿದೆ. ತಪ್ಪು ಜಾಗದಲ್ಲಿ ನೆಟ್ಟ ಮರ ಹತ್ತು ವರ್ಷದ ಮೇಲೆ ಅಡಿಕೆಯ ಸಾಲಿಗೂ ನೆರೆಯವರ ಬದುವಿಗೂ ತಂಟೆಯಾಗುತ್ತದೆ. ಆದ್ದರಿಂದ ಹೂಮರ ಬೇಕೆನ್ನುವವರು ಯಾವುದನ್ನು, ಎಲ್ಲಿ, ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳುವುದು ಒಳಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ನೆಲ-ನೀರನ್ನು ಮುಂದಿಟ್ಟುಕೊಂಡು, ಹೂವಿಗೂ ತೊಗಟೆಯ ಚೆಲುವಿಗೂ ಹೆಸರಾದ ಒಂದು ಕುಲದ ಮರಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ.

ಯಾವುದು ಈ ಗಿಡ?

ನರ್ಸರಿಯವರು ಇದನ್ನು 'ಕ್ರೇಪ್ ಮರ್ಟಲ್' ಎಂದೋ 'ಲ್ಯಾಗರ್‌ಸ್ಟ್ರೋಮಿಯಾ' ಎಂದೋ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲ್ಯಾಗರ್‌ಸ್ಟ್ರೋಮಿಯಾ ಇಂಡಿಕಾ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1759ರಲ್ಲಿ, ತನಗೆ ಪೂರ್ವದೇಶಗಳ ಗಿಡಗಳನ್ನು ತರಿಸಿಕೊಡುತ್ತಿದ್ದ ಲ್ಯಾಗರ್‌ಸ್ಟ್ರೋಮ್ ಎಂಬ ವರ್ತಕ ಮಿತ್ರನ ನೆನಪಿಗೆ ಈ ಹೆಸರಿಟ್ಟನು. ಉಚ್ಚಾರಣೆ ಸುಲಭವಾಗಲೆಂದು ನಾವು ಮುಂದೆ ಇದನ್ನು ಕ್ರೇಪ್ ಗಿಡ ಎಂದೇ ಕರೆಯುತ್ತೇವೆ.

ಕ್ರೇಪ್ ಗಿಡ ಹತ್ತರಿಂದ ಇಪ್ಪತ್ತು ಅಡಿ ಎತ್ತರಕ್ಕೆ ಬೆಳೆಯುವ ಸಣ್ಣ ಮರ. ಬಿಟ್ಟರೆ ಬುಡದಿಂದ ಹಲವು ಕಾಂಡಗಳು ಎದ್ದು ಪೊದೆಯಾಗುತ್ತದೆ; ಆರಿಸಿ ಬೆಳೆಸಿದರೆ ಅಂದವಾದ ಮರವಾಗುತ್ತದೆ. ಬೇಸಿಗೆಯ ಕೊನೆಯಿಂದ ಮಳೆಗಾಲ ಕಳೆಯುವವರೆಗೆ ಹೊಸ ಚಿಗುರಿನ ತುದಿಯಲ್ಲಿ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಗುಲಾಬಿ, ನೇರಳೆ, ಕೆಂಪು, ಬಿಳಿ ಬಣ್ಣಗಳಲ್ಲಿ ದೊರೆಯುತ್ತದೆ. ಹೂವಿನ ದಳಗಳು ಕ್ರೇಪ್ ಬಟ್ಟೆಯಂತೆ ಸುಕ್ಕುಸುಕ್ಕಾಗಿರುವುದರಿಂದಲೇ ಆ ಹೆಸರು. ಚೀನಾದಲ್ಲಿ ಇದಕ್ಕೆ 'ನೂರು ದಿನದ ಕೆಂಪು' ಎಂಬ ಅರ್ಥದ ಹೆಸರುಂಟು. ಹೂವಿನ ಕಾಲ ಅಷ್ಟು ದೀರ್ಘವಾದುದು.

ಹೆಸರಿನಲ್ಲಿ ಪರದೇಶಿಯಂತೆ ಕಂಡರೂ ಇದರ ನೆಂಟರು ನಮ್ಮ ಹಿತ್ತಲಿನಲ್ಲೇ ಇದ್ದಾರೆ. ಮದರಂಗಿಯೂ ದಾಳಿಂಬೆಯೂ ಇದೇ ಕುಟುಂಬಕ್ಕೆ ಸೇರಿದವು. ದಾಳಿಂಬೆ ಹೂವಿನ ದಳವನ್ನು ಒಮ್ಮೆ ಬಿಡಿಸಿ ನೋಡಿದರೆ ಅದೇ ಸುಕ್ಕು ಕಾಣುತ್ತದೆ. ಇನ್ನೂ ಹತ್ತಿರದ ದಾಯಾದಿಗಳು ಇಬ್ಬರು. ಒಂದು ಹೊಳೆದಾಸವಾಳ, ಹೆಸರೇ ಹೇಳುವಂತೆ ಹೊಳೆ-ಹಳ್ಳಗಳ ದಂಡೆಯ ಮರ, ಬೇಸಿಗೆಯಲ್ಲಿ ಅಂಗೈಯಗಲದ ಗೊಂಚಲುಗಳಲ್ಲಿ ತಿಳಿನೇರಳೆ ಹೂ ಬಿಡುತ್ತದೆ. ಇನ್ನೊಂದು ನಂದಿ; ಪಶ್ಚಿಮಘಟ್ಟದ ಕಾಡಿನ ದೊಡ್ಡ ಮರ, ಬೂದುಬಿಳಿ ಕಾಂಡ, ಸಣ್ಣ ಬಿಳಿ ಹೂ. ಮಲೆನಾಡಿನ ಕಾಫಿ ಬೆಳೆಗಾರರಿಗೆ ನಂದಿಯ ಪರಿಚಯ ಹೇಳಬೇಕಾಗಿಲ್ಲ. ಕೊಡಗಿನ ಕಾಫಿ ತೋಟಗಳ ಮೇಲುನೆರಳಿನಲ್ಲೂ ಭದ್ರಾ ಅಭಯಾರಣ್ಯದಲ್ಲೂ ಅದು ಧಾರಾಳವಾಗಿದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹೊಳೆದಾಸವಾಳಕ್ಕೆ ಚೆನ್ನಾಗಿ ಒಪ್ಪುತ್ತದೆ. ನಮ್ಮಲ್ಲಿ ಹಳ್ಳದ ಪಕ್ಕದ ಮರವೆಂದು ಅದನ್ನು ಯಾರೂ ಎಣಿಸುವುದಿಲ್ಲ. ಪಕ್ಕದ ಮಹಾರಾಷ್ಟ್ರವಾದರೋ 'ತಾಮ್ಹಣ' ಎಂಬ ಹೆಸರಿನಲ್ಲಿ ಅದನ್ನೇ ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡಿದೆ. ಬೆಂಗಳೂರಿನ ರಸ್ತೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೇರಳೆ ಬಣ್ಣ ಚೆಲ್ಲುವುದೂ ಇದೇ ಮರ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜಿ.ಎಚ್. ಕ್ರುಂಬಿಗೆಲ್ ಅವರು, ಒಂದು ಜಾತಿಯ ಹೂ ಮುಗಿಯುವಾಗ ಮತ್ತೊಂದು ಅರಳುವಂತೆ ಸಾಲುಮರಗಳನ್ನು ಆರಿಸುವ ಪದ್ಧತಿ ಹಾಕಿಕೊಟ್ಟರು. ಅಂಥ ಯೋಚನೆ ದೊಡ್ಡ ಊರಿಗೆ ಮಾತ್ರ ಸಲ್ಲಬೇಕೆಂದೇನೂ ಇಲ್ಲ.

ತೊಗಟೆಯ ಚೆಲುವು

ಹೂವಿನ ಮರಗಳು ಎಷ್ಟೋ ಇವೆ. ಹೂ ಮುಗಿದ ಮೇಲೂ ನೋಡುವಂತಿರುವ ಮರಗಳು ಕಡಿಮೆ. ಕ್ರೇಪ್ ಗಿಡದ ಹೆಚ್ಚುಗಾರಿಕೆ ಇರುವುದು ಅಲ್ಲಿ. ಸೀಬೆ ಮರದ ಕಾಂಡವನ್ನು ನೋಡದವರು ನಮ್ಮಲ್ಲಿ ಇಲ್ಲ: ಹಳೆಯ ಸಿಪ್ಪೆ ತೆಳ್ಳಗೆ ಎದ್ದು ಉದುರುತ್ತದೆ, ಒಳಗಿನಿಂದ ನುಣುಪಾದ ಹೊಸ ಮೈ ಕಾಣುತ್ತದೆ. ಕ್ರೇಪ್ ಗಿಡದ್ದೂ ಅದೇ ಬಗೆ. ಕಾಂಡ ದಪ್ಪವಾಗುತ್ತ ಹೋದಂತೆ ಹೊರಗಿನ ಸತ್ತ ಪದರ ಹಿಗ್ಗಲಾರದೆ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಹೊಸದಾಗಿ ತೆರೆದುಕೊಂಡ ಭಾಗ ಕೆನೆಬಣ್ಣ, ತಿಳಿಹಸಿರು, ನಸುಗಂದು ಬಣ್ಣಗಳ ಮಚ್ಚೆಗಳಿಂದ ಕೂಡಿರುತ್ತದೆ. ಮಳೆ ಬಂದು ನೆನೆದಾಗ ಈ ಬಣ್ಣಗಳು ಇನ್ನೂ ಎದ್ದು ಕಾಣುತ್ತವೆ. ಎಲೆಯುದುರಿ ಮರ ಬೋಳಾಗಿರುವ ಚಳಿಗಾಲದಲ್ಲಿ ಅಂಗಳಕ್ಕೆ ಈ ಕಾಂಡವೇ ಶೋಭೆ.

ಜಪಾನೀಯರು ಈ ಗಿಡವನ್ನು 'ಸಾರುಸುಬೇರಿ' ಎನ್ನುತ್ತಾರೆ. ಮಂಗವೂ ಜಾರಿ ಬೀಳುವಷ್ಟು ನುಣುಪು ಎಂದು ಅದರ ಅರ್ಥ. ಇದನ್ನು ಓದಿ, ಮಂಗಗಳ ಕಾಟಕ್ಕೆ ಮದ್ದು ಸಿಕ್ಕಿತೆಂದು ಯಾರೂ ತೋಟದ ಸುತ್ತ ಕ್ರೇಪ್ ಗಿಡ ನೆಡಲು ಹೋಗಬೇಡಿ. ಅಡಿಕೆ ಮರವನ್ನೇ ಸಲೀಸಾಗಿ ಏರುವ ನಮ್ಮ ಮಂಗಗಳಿಗೆ ಈ ನುಣುಪು ಏನೇನೂ ಸಾಲದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅರೇಬಿಕಾ ಕಾಫಿ ಬೆಳೆಗಾರರು ಬಿಳಿ ಕಾಂಡಕೊರಕ ಮೊಟ್ಟೆಯಿಡದಿರಲೆಂದು ಗಿಡದ ಕಾಂಡದ ಸಡಿಲ ಸಿಪ್ಪೆಯನ್ನು ಉಜ್ಜಿ ತೆಗೆಯುತ್ತಾರೆ. ಅಡಿಕೆ ಬೆಳೆಗಾರರು ಬಿಸಿಲಿನ ಹೊಡೆತ ತಪ್ಪಿಸಲು ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ. ಆ ಬೆಳೆಗಳಿಗೆ ಅವು ಸರಿಯಾದ ಕ್ರಮಗಳೇ. ಕ್ರೇಪ್ ಗಿಡಕ್ಕೆ ಎರಡೂ ಬೇಡ. ಸಿಪ್ಪೆ ಏಳುವುದು ರೋಗವಲ್ಲ, ಬೆಳವಣಿಗೆಯ ಲಕ್ಷಣ. ಕತ್ತಿಯಿಂದ ಕೆರೆದರೆ ಒಳಗಿನ ಹಸಿ ಪದರಕ್ಕೆ ಗಾಯವಾಗಿ ಕಲೆ ಉಳಿಯುತ್ತದೆ. ಹಬ್ಬಕ್ಕೆಂದು ಮರದ ಬುಡಗಳಿಗೆಲ್ಲ ಸುಣ್ಣ-ಕೆಮ್ಮಣ್ಣು ಬಳಿಯುವಾಗ ಇದನ್ನು ಬಿಡಬೇಕು. ಮೊಳೆ ಹೊಡೆದು ಫಲಕ ತೂಗುಹಾಕುವುದು, ದನ ಕಟ್ಟುವುದು, ಬಟ್ಟೆ ಒಣಗಿಸುವ ತಂತಿ ಬಿಗಿಯುವುದು ಕೂಡದು. ಯಾವುದಕ್ಕಾಗಿ ಗಿಡ ನೆಟ್ಟೆವೋ ಅದನ್ನೇ ಮುಚ್ಚಿ, ಕೆಡಿಸಿದರೆ ಏನು ಬಂತು?

ತೊಗಟೆಯ ಬಣ್ಣ ಮೊದಲ ವರ್ಷವೇ ಕಾಣುವುದಿಲ್ಲ. ಎಳೆಯ ಕಾಂಡ ಸಾಮಾನ್ಯವಾಗಿಯೇ ಇರುತ್ತದೆ. ಕೆಲವು ವರ್ಷ ಕಳೆದು ಕಾಂಡ ಮಣಿಕಟ್ಟಿನಷ್ಟು ದಪ್ಪವಾದ ಮೇಲೆ ನಿಜವಾದ ರೂಪ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆ ಬೇಕು. ಅಡಿಕೆ ಸಸಿ ನೆಟ್ಟು ಸಿಂಗಾರಕ್ಕಾಗಿ ವರ್ಷಗಟ್ಟಲೆ ಕಾಯುವ ನಮಗೆ ಇದು ಹೊಸದೇನಲ್ಲ.

ನಾಲ್ಕು ತಾಲ್ಲೂಕು, ಮೂರು ಮರ

ಈ ನಾಲ್ಕು ತಾಲ್ಲೂಕುಗಳು ಇಂದು ಒಂದೇ ದಾವಣಗೆರೆ ಜಿಲ್ಲೆಯಲ್ಲಿದ್ದರೂ ನೆಲ ಒಂದೇ ಅಲ್ಲ. 1997ರಲ್ಲಿ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ತೀರ ಈಚಿನವರೆಗೆ ಹೊನ್ನಾಳಿಯ ಭಾಗವಾಗಿತ್ತು. ಪಶ್ಚಿಮದ ತುದಿ ಮಲೆನಾಡಿನ ಸೆರಗು, ಪೂರ್ವದ ತುದಿ ಬಯಲುಸೀಮೆಯ ಒಣನೆಲ. ಆದ್ದರಿಂದ ಎಲ್ಲರಿಗೂ ಒಂದೇ ಮರ ಎನ್ನುವ ಹಾಗಿಲ್ಲ.

ಚನ್ನಗಿರಿ: ಸೂಳೆಕೆರೆಯ ಅಚ್ಚುಕಟ್ಟಿನಲ್ಲೂ ಭದ್ರಾ ನಾಲೆಯ ಬಯಲಿನಲ್ಲೂ ನೀರು ಬಸಿಯುವ ತಗ್ಗುಗಳಿವೆ. ನೀರು ನಿಲ್ಲುವ ಜಾಗ ಕ್ರೇಪ್ ಗಿಡಕ್ಕೆ ಆಗುವುದಿಲ್ಲ, ಬೇರು ಕೊಳೆಯುತ್ತದೆ. ಅಲ್ಲಿ ಹೊಳೆದಾಸವಾಳವೇ ಸರಿ. ತೇವ ಅದಕ್ಕೆ ಒಗ್ಗಿದ್ದು. ನಾಲೆಯಿಂದ ದೂರದ ಕೆಂಪುಮಣ್ಣಿನ ಏರಿನಲ್ಲಿ ಮನೆ ಇರುವವರು ಕ್ರೇಪ್ ಗಿಡ ನೆಡಬಹುದು.

ಹೊನ್ನಾಳಿ: ತುಂಗಭದ್ರೆಯ ದಂಡೆಯ ಮೆಕ್ಕಲುಮಣ್ಣು ಹೊಳೆದಾಸವಾಳಕ್ಕೆ ಬಹಳ ಚೆನ್ನಾಗಿದೆ. ಹೊಳೆಯ ಅಂಚಿನಲ್ಲಿ ಜಮೀನಿರುವವರಿಗೆ ದಂಡೆಯ ಮಣ್ಣು ಹಿಡಿಯಲೂ ಅದರ ಬೇರು ನೆರವಾಗುತ್ತದೆ. ಕಪ್ಪು ಎರೆಮಣ್ಣಿರುವ ಕಡೆ ಸುಣ್ಣದ ಅಂಶ ಹೆಚ್ಚಿದ್ದರೆ ಕ್ರೇಪ್ ಗಿಡದ ಎಳೆ ಎಲೆಗಳು ನರ ಮಾತ್ರ ಹಸಿರುಳಿದು ಹಳದಿಯಾಗುತ್ತವೆ. ಗಿಡಕ್ಕೆ ಕಬ್ಬಿಣದ ಅಂಶ ಸಿಗದಿರುವುದೇ ಕಾರಣ. ಅಂಥಲ್ಲಿ ಗುಂಡಿಗೆ ಕೆಮ್ಮಣ್ಣು, ಕಾಂಪೋಸ್ಟ್ ಧಾರಾಳವಾಗಿ ಬೆರೆಸಿ, ದಿಣ್ಣೆ ಮಾಡಿ ನೆಡಬೇಕು.

ನ್ಯಾಮತಿ: ಇಲ್ಲಿನ ಪಶ್ಚಿಮದ ಮಗ್ಗುಲಿಗೆ, ಮಲೆನಾಡಿನತ್ತ ಸರಿದ ಭಾಗಗಳಲ್ಲಿ, ಜಾಗ ಸಾಕಷ್ಟಿರುವವರು ನಂದಿಯನ್ನೂ ಯೋಚಿಸಬಹುದು. ಆದರೆ ನಂದಿ ಸಣ್ಣ ಮರವಲ್ಲ. ಎಂಬತ್ತು-ನೂರು ಅಡಿ ಬೆಳೆಯಬಲ್ಲದು. ಅದನ್ನು ಹಾಡ್ಯದಲ್ಲೋ ಜಮೀನಿನ ದೂರದ ಮೂಲೆಯಲ್ಲೋ ನೆಡಬೇಕೇ ಹೊರತು ಮನೆಯ ಮುಂದಲ್ಲ. ಮನೆಯ ಮುಂದಕ್ಕೆ ಕ್ರೇಪ್ ಗಿಡ ಸಾಕು.

ಜಗಳೂರು: ಜಿಲ್ಲೆಯಲ್ಲಿ ಮಳೆ ಕಡಿಮೆ ಬೀಳುವ, ಮತ್ತೆ ಮತ್ತೆ ಬರ ಕಂಡ ತಾಲ್ಲೂಕು. ಕೊಂಡುಕುರಿಗಳ ರಂಗಯ್ಯನದುರ್ಗದ ಕುರುಚಲು ಕಾಡು ಇರುವುದು ಇಲ್ಲಿಯೇ. ಕೊಳವೆಬಾವಿ ನಂಬಿ ಅಡಿಕೆ ಹಾಕಿದವರಿಗೆ ನೀರಿನ ಬೆಲೆ ಗೊತ್ತು. ಇಲ್ಲಿ ಹೊಳೆದಾಸವಾಳ ಬೇಡ, ಬೇಸಿಗೆಯಲ್ಲಿ ಸೊರಗುತ್ತದೆ. ಕ್ರೇಪ್ ಗಿಡವಾದರೆ ಬೇರು ಹಿಡಿದ ಮೇಲೆ ಒಣಹವೆಯನ್ನು ತಾಳಿಕೊಳ್ಳುತ್ತದೆ. ಬಿಸಿಲು ಇದಕ್ಕೆ ಶತ್ರುವಲ್ಲ, ಮಿತ್ರ. ದಾಳಿಂಬೆ ಬರುವ ನೆಲದಲ್ಲಿ ಅದರ ನೆಂಟನೂ ಬರುತ್ತಾನೆ ಎಂದು ನೆನಪಿಟ್ಟುಕೊಂಡರೆ ಸಾಕು.

ತೋಟದಿಂದ ಎಷ್ಟು ದೂರ?

ಹೂಮರವನ್ನು ಅಡಿಕೆಯ ಸಾಲಿನ ನಡುವೆ ನೆಡಬಾರದು. ಅಡಿಕೆಯ ನೆರಳಿನಲ್ಲಿ ಕ್ರೇಪ್ ಗಿಡ ಬೆಳಕು ಹುಡುಕುತ್ತ ಸೊಟ್ಟಗೆ ಉದ್ದವಾಗುತ್ತದೆ, ಹೂ ಬಿಡುವುದಿಲ್ಲ, ಬೂದಿರೋಗ ಹತ್ತುತ್ತದೆ. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೀಳುವ ಜಾಗವೇ ಆಗಬೇಕು.

ಕ್ರೇಪ್ ಗಿಡಕ್ಕೂ ಕೊನೆಯ ಅಡಿಕೆ ಸಾಲಿಗೂ ನಡುವೆ 15 ಅಡಿ, ಹೊಳೆದಾಸವಾಳವಾದರೆ 30 ಅಡಿ ಬಿಡುವುದು ಕ್ಷೇಮ. ನಂದಿಗೆ ಇನ್ನೂ ಹೆಚ್ಚು. ದಾರಿಯ ಇಕ್ಕೆಲಗಳಲ್ಲಿ ಸಾಲಾಗಿ ನೆಡುವುದಾದರೆ ಕ್ರೇಪ್ ಗಿಡಗಳ ನಡುವೆ 12 ಅಡಿ, ಹೊಳೆದಾಸವಾಳಗಳ ನಡುವೆ 25ರಿಂದ 30 ಅಡಿ ಅಂತರವಿರಲಿ. ನೆರೆಯವರ ಬದುವಿಗೆ ತಾಗಿ ನೆಡಬೇಡಿ. ಇವತ್ತಿನ ಸಸಿ ನಾಳೆಯ ವ್ಯಾಜ್ಯವಾಗಬಾರದು.

ಕೆಲವರು ತೋಟದ ನೈರುತ್ಯ ಮೂಲೆಯಲ್ಲಿ ಅಡಿಕೆ ಕಾಂಡಕ್ಕೆ ಬಿಸಿಲು ಹೊಡೆಯುವುದನ್ನು ತಪ್ಪಿಸಲು ಈ ಮರಗಳು ಆಗುವವೇ ಎಂದು ಯೋಚಿಸಬಹುದು. ಆಗುವುದಿಲ್ಲ. ದಕ್ಷಿಣಕ್ಕೆ ವಾಲಿದ ಸೂರ್ಯ ಕಾಂಡವನ್ನು ಸುಡುವುದು ಮಳೆಗಾಲ ಕಳೆದ ಮೇಲೆ. ಕ್ರೇಪ್ ಗಿಡವಾಗಲಿ ನಂದಿಯಾಗಲಿ ಎಲೆಯುದುರಿಸುವುದೂ ಆ ಒಣಕಾಲದಲ್ಲೇ. ಬೋಳುಮರ ನೆರಳು ಕೊಡಲಾರದು. ಅದಕ್ಕೆ ಅಡಿಕೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು, ಎಲೆಯುದುರದ ಮರ ಬೆಳೆಸುವುದು ಇವೇ ದಾರಿ.

ಇದೇ ಕಾರಣಕ್ಕೆ ಅಡಿಕೆ ಒಣಹಾಕುವ ಕಣದ ಪಕ್ಕದಲ್ಲೂ ಈ ಮರಗಳು ಬೇಡ. ಬೇಯಿಸಿ ಚೊಗರು ಹತ್ತಿಸಿದ ಅಡಿಕೆ ಕಣದಲ್ಲಿರುವಾಗ ಗಾಳಿಗೆ ಉದುರಿದ ಎಲೆ, ಸಿಪ್ಪೆಯ ಚೂರು, ಕಾಯಿಯ ರೆಕ್ಕೆಬೀಜ ಬಂದು ಅಂಟಿಕೊಂಡರೆ ಆರಿಸುವ ಕೂಲಿ ಹೆಚ್ಚುತ್ತದೆ. ಕಣಕ್ಕೆ ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು, ಅದರ ಎದುರು ಮಗ್ಗುಲಿನಲ್ಲಿ ಜಾಗ ಗುರುತಿಸಬೇಕು.

ಸಸಿ ಮಾಡುವುದು, ನೆಡುವುದು

ಕ್ರೇಪ್ ಗಿಡದ ಸಸಿಯನ್ನು ಹಣ ಕೊಟ್ಟೇ ತರಬೇಕೆಂದಿಲ್ಲ. ಕಡ್ಡಿಯಿಂದ ಸುಲಭವಾಗಿ ಬರುತ್ತದೆ. ಪರಿಚಯದವರ ಮನೆಯಲ್ಲಿ ಒಳ್ಳೆಯ ಬಣ್ಣದ ಗಿಡವಿದ್ದರೆ, ಎಲೆಯುದುರಿದ ಮೇಲೆ, ಹೊಸ ಚಿಗುರು ಬರುವ ಮುನ್ನ, ಬಲಿತ ಕಡ್ಡಿಗಳನ್ನು ಕೇಳಿ ತನ್ನಿ. ಪೆನ್ಸಿಲ್ ದಪ್ಪದ, 6ರಿಂದ 8 ಅಂಗುಲ ಉದ್ದದ, ನಾಲ್ಕೈದು ಗಿಣ್ಣುಗಳಿರುವ ಕಡ್ಡಿ ಸಾಕು. ಮರಳು, ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ ತುಂಬಿದ ಪಾಲಿಥೀನ್ ಚೀಲದಲ್ಲಿ ಕಡ್ಡಿಯ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಇರುವಂತೆ ನೆಟ್ಟು, ಅರೆನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಳ್ಳಬೇಕು. ಎರಡು ತಿಂಗಳೊಳಗೆ ಬೇರು ಬರುತ್ತದೆ. ಕಡ್ಡಿಯಿಂದ ಮಾಡಿದ ಗಿಡ ತಾಯಿಗಿಡದ ಬಣ್ಣವನ್ನೇ ಕೊಡುತ್ತದೆ. ಬೀಜದ ಗಿಡಕ್ಕೆ ಆ ಭರವಸೆಯಿಲ್ಲ. ಹೊಳೆದಾಸವಾಳ, ನಂದಿಗಳನ್ನು ಬೀಜದಿಂದ ಮಾಡುವುದೇ ವಾಡಿಕೆ. ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಬಹುದು.

ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮಳೆಗೆ ಮುಂಚೆ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಒಂದೆರಡು ಪುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಜೂನ್-ಜುಲೈ ತಿಂಗಳು ನೆಡಲು ತಕ್ಕ ಕಾಲ. ಮುಂಗಾರು ಕೈಕೊಡುವುದು ಹೆಚ್ಚಾಗಿರುವ ಜಗಳೂರಿನಲ್ಲಿ ಆಗಸ್ಟ್-ಸೆಪ್ಟೆಂಬರಿನ ಮಳೆಗೆ ನೆಟ್ಟರೆ ಗಿಡ ಹಿಡಿಯುವ ಸಂಭವ ಹೆಚ್ಚು. ಆಸರೆಗೆ ಅಡಿಕೆ ದಬ್ಬೆ ನೆಟ್ಟು ಸಡಿಲವಾಗಿ ಕಟ್ಟಿ. ಆಡು-ಕುರಿಗಳಿರುವ ಕಡೆ ಅದೇ ದಬ್ಬೆಯಿಂದ ಸುತ್ತ ಬೇಲಿ ಮಾಡಬೇಕು.

ನೀರಿನ ಲೆಕ್ಕ

ಹನಿ ನೀರಾವರಿಯ ಅಡಿಕೆ ತೋಟದಲ್ಲಿ ಬೇಸಿಗೆಗೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಕೊಡಬೇಕೆಂಬುದು ಶಿಫಾರಸು. ಹೊಸದಾಗಿ ನೆಟ್ಟ ಕ್ರೇಪ್ ಗಿಡಕ್ಕೆ ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆ ಅಷ್ಟೇ ನೀರು, ಎಂದರೆ ಒಂದು ದೊಡ್ಡ ಬಕೆಟ್, ಬುಡಕ್ಕೆ ಇಂಗುವಂತೆ ಕೊಟ್ಟರೆ ಸಾಕು. ಒಂದು ಅಡಿಕೆ ಮರದ ಒಂದು ದಿನದ ನೀರು ಇದಕ್ಕೆ ಒಂದು ವಾರಕ್ಕಾಯಿತು. ಬುಡಕ್ಕೆ ಅಡಿಕೆ ಸಿಪ್ಪೆಯನ್ನೋ ಒಣಸೋಗೆಯನ್ನೋ ಮುಚ್ಚಿದರೆ ಇನ್ನೂ ಉಳಿತಾಯ. ಆದರೆ ಮುಚ್ಚಿಗೆ ಕಾಂಡಕ್ಕೆ ತಾಗದೆ ನಾಲ್ಕು ಅಂಗುಲ ದೂರವಿರಲಿ. ಮೂರನೆಯ ವರ್ಷದಿಂದ ಕಡುಬೇಸಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಹೂ ಹೆಚ್ಚು; ಕೊಡದಿದ್ದರೂ ಗಿಡ ಸಾಯುವುದಿಲ್ಲ. ಪಾತ್ರೆ ತೊಳೆದ ನೀರು, ಸೋಪು ಕಡಿಮೆಯಿದ್ದರೆ, ಇದಕ್ಕೆ ಸಲ್ಲುತ್ತದೆ.

ಗೊಬ್ಬರದ ವಿಷಯದಲ್ಲಿ ಉದಾರತೆ ಬೇಡ. ಮಳೆಗಾಲದ ಮೊದಲಿಗೆ ಒಂದು ಪುಟ್ಟಿ ಕೊಟ್ಟಿಗೆ ಗೊಬ್ಬರ ಕೊಟ್ಟರಾಯಿತು. ಅಡಿಕೆಗೆ ಹಾಕಿ ಉಳಿದ ಯೂರಿಯಾವನ್ನು ಇದರ ಬುಡಕ್ಕೆ ಸುರಿದರೆ ಎಲೆ ಸೊಕ್ಕಿ ಬೆಳೆದು ಹೂ ಹಿಂದೆ ಬೀಳುತ್ತದೆ, ಹೇನೂ ಬೂದಿರೋಗವೂ ಮುಂದೆ ಬರುತ್ತವೆ.

ಕತ್ತರಿ ಹಾಕುವ ಮುನ್ನ

ಕ್ರೇಪ್ ಗಿಡ ಕೆಡುವುದು ಬರದಿಂದಲ್ಲ, ಕೀಟದಿಂದಲ್ಲ, ಹೆಚ್ಚಾಗಿ ಕತ್ತಿಯಿಂದ. ಹೊಸ ಚಿಗುರಿನಲ್ಲಿ ಹೂ ಬರುವ ಗಿಡವೆಂದು ಕೇಳಿ, ಪ್ರತಿ ವರ್ಷ ದಪ್ಪ ಕೊಂಬೆಗಳನ್ನೆಲ್ಲ ಒಂದೇ ಮಟ್ಟಕ್ಕೆ ತರಿದುಹಾಕುವವರುಂಟು. ಆಗ ಕತ್ತರಿಸಿದ ತುದಿಯಲ್ಲಿ ಬರಲಿನಂತೆ ಹತ್ತಾರು ತೆಳ್ಳನೆಯ ಚಿಗುರುಗಳು ಏಳುತ್ತವೆ. ಹೂವೇನೋ ಬರುತ್ತದೆ, ದೊಡ್ಡದಾಗಿಯೇ ಬರುತ್ತದೆ. ಆದರೆ ಒಂದು ಜೋರು ಮಳೆಗೆ ಗೊಂಚಲಿನ ಭಾರ ತಾಳಲಾರದೆ ಚಿಗುರು ಬಾಗಿ ನೆಲಕ್ಕೆ ತಾಗುತ್ತದೆ. ವರ್ಷವರ್ಷವೂ ಕತ್ತರಿಸಿದಲ್ಲೇ ಕತ್ತರಿಸಿ ಗಂಟುಗಂಟಾದ ಮೊಂಡುಗಳು ಉಳಿಯುತ್ತವೆ. ನುಣುಪಾದ ನೀಳ ಕಾಂಡ ಎಂದಿಗೂ ರೂಪುಗೊಳ್ಳುವುದಿಲ್ಲ.

ಸರಿಯಾದ ಕ್ರಮ ಇದು. ಎರಡನೆಯ ವರ್ಷ ಬುಡದಿಂದೆದ್ದ ಕಾಂಡಗಳಲ್ಲಿ ಗಟ್ಟಿಯಾದ, ಒಂದರಿಂದೊಂದು ದೂರ ಸರಿದಿರುವ ಮೂರನ್ನೋ ಐದನ್ನೋ ಉಳಿಸಿ ಉಳಿದವನ್ನು ನೆಲಮಟ್ಟಕ್ಕೆ ತೆಗೆಯಬೇಕು. ಒಂಟಿ ಕಾಂಡದ ಮರ ಬೇಕೆಂದರೆ ಒಂದನ್ನೇ ಉಳಿಸಬೇಕು. ಮುಂದೆ ಪ್ರತಿ ವರ್ಷ ಜನವರಿ-ಫೆಬ್ರವರಿಯಲ್ಲಿ, ಚಿಗುರುವ ಮುನ್ನ, ಒಣಗಿದ್ದು, ಒಳಮುಖವಾಗಿ ಬೆಳೆದದ್ದು, ಒಂದಕ್ಕೊಂದು ಉಜ್ಜುವುದು, ಬುಡದಲ್ಲಿ ಎದ್ದ ಹಿಳ್ಳುಗಳು ಇಷ್ಟನ್ನು ಮಾತ್ರ ತೆಗೆದರಾಯಿತು. ಗಿಡ ಎತ್ತರವಾಗುತ್ತ ಬಂದಂತೆ ಕೆಳಗಿನ ಪಕ್ಕದ ಕೊಂಬೆಗಳನ್ನು ಒಂದೊಂದಾಗಿ ತೆಗೆದರೆ ಕಾಂಡ ತೆರೆದು ಕಾಣುತ್ತದೆ. ಹೆಬ್ಬೆರಳಿಗಿಂತ ದಪ್ಪದ ಕೊಂಬೆಗೆ ಕತ್ತಿಯಿಡುವ ಮುನ್ನ ಎರಡು ಸಲ ಯೋಚಿಸಬೇಕು. ಮೊದಲ ಸುತ್ತಿನ ಹೂ ಬಾಡಿದ ಮೇಲೆ ಕಾಯಿಗಟ್ಟುವ ಮುನ್ನ ಗೊಂಚಲ ತುದಿಯನ್ನು ಚಿವುಟಿದರೆ ಎರಡನೆಯ ಸುತ್ತು ಹೂ ಬರುತ್ತದೆ.

ರೋಗ, ಕೀಟ

ಎಲೆ ಮತ್ತು ಮೊಗ್ಗುಗಳ ಮೇಲೆ ಬಿಳಿಪುಡಿ ಉದುರಿಸಿದಂತೆ ಕಾಣುವ ಬೂದಿರೋಗವೇ ಮುಖ್ಯ. ನೆರಳು, ಒತ್ತಾದ ಕೊಂಬೆ, ತೇವದ ಹವೆ ಇದಕ್ಕೆ ಅನುಕೂಲ. ಬಿಸಿಲು-ಗಾಳಿ ಆಡುವಂತಿದ್ದರೆ ಅರ್ಧ ರೋಗ ಹೋದಂತೆ. ಹೆಚ್ಚಾದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ, ಬಿಸಿಲೇರುವ ಮುನ್ನ ಸಿಂಪಡಿಸಬೇಕು. ಕೊಳೆರೋಗಕ್ಕೆಂದು ಮಾಡಿದ ಬೋರ್ಡೋ ದ್ರಾವಣವನ್ನೇ ಇದಕ್ಕೂ ಎರಚುವ ಅಭ್ಯಾಸ ಬೇಡ. ಎಳೆ ಚಿಗುರಿನ ಹೇನಿಗೆ, ಅದರಿಂದ ಬರುವ ಕಪ್ಪು ಮಸಿಗೆ ಬೇವಿನೆಣ್ಣೆಯ ಸಿಂಪಡಣೆ ಸಾಕು.

ಬೂದಿರೋಗದ ಕತೆಯಲ್ಲಿ ತಿಳಿಯಬೇಕಾದ ಒಂದು ಸಂಗತಿಯಿದೆ. 1956ರಲ್ಲಿ ಜಾನ್ ಕ್ರೀಚ್ ಎಂಬ ಅಮೆರಿಕದ ಸಸ್ಯತಜ್ಞ ಜಪಾನಿನ ಯಾಕುಶಿಮಾ ದ್ವೀಪದಿಂದ ಈ ಕುಲದ ಇನ್ನೊಂದು ಜಾತಿಯ ಬೀಜ ತಂದನು. ಅದಕ್ಕೆ ಬೂದಿರೋಗ ಹತ್ತುತ್ತಿರಲಿಲ್ಲ, ತೊಗಟೆಯೂ ದಾಲ್ಚಿನ್ನಿಯ ಬಣ್ಣದ್ದು. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಡೊನಾಲ್ಡ್ ಎಗೋಲ್ಫ್ ಅದನ್ನು ಕ್ರೇಪ್ ಗಿಡದೊಡನೆ ಸಂಕರ ಮಾಡಿ, 1978ರಲ್ಲಿ 'ನಾಚೆಜ್', 'ಮಸ್ಕೋಗಿ' ಮುಂತಾದ ತಳಿಗಳನ್ನು ಹೊರತಂದನು. ಇಂದು ತೊಗಟೆಗಾಗಿಯೇ ಬೆಳೆಸುವ ತಳಿಗಳಲ್ಲಿ ಅವು ಹೆಸರಾದವು. ನರ್ಸರಿಯಲ್ಲಿ ತಳಿಯ ಹೆಸರು ಹೇಳಿ ಹೆಚ್ಚಿನ ಬೆಲೆ ಕೇಳಿದರೆ, ಹೂವನ್ನಷ್ಟೇ ನೋಡದೆ ಅವರಲ್ಲಿರುವ ದೊಡ್ಡ ಗಿಡದ ಕಾಂಡವನ್ನೂ ನೋಡಿ ತೀರ್ಮಾನಿಸಿ. ಚಿಕ್ಕ ಸಸಿಯ ಕಾಂಡದಿಂದ ಏನೂ ತಿಳಿಯುವುದಿಲ್ಲ.

ಲಾಭವೇನು?

ನೇರವಾಗಿ ಹೇಳುವುದಾದರೆ ಕ್ರೇಪ್ ಗಿಡದಿಂದ ವರಮಾನವಿಲ್ಲ. ಜೇನು ಸಾಕುವವರೂ ಒಂದು ಮಾತು ತಿಳಿದಿರಲಿ: ಇದರ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಹೂವಿನ ನಡುವಿನ ಹಳದಿ ಕೇಸರಗಳಿಗೆ ಜೇನ್ನೊಣ ಬರುತ್ತದೆ, ಮರಿಗಳಿಗೆ ಪರಾಗ ಒಯ್ಯುತ್ತದೆ. ಮಳೆಗಾಲದಲ್ಲಿ ಹೊರಗೆ ಹೂ ಕಡಿಮೆಯಿರುವಾಗ ಅದೂ ಒಂದು ಉಪಕಾರವೇ. ಆದರೆ ಇದನ್ನು ನಂಬಿ ಹೆಚ್ಚು ತುಪ್ಪ ಬರುವುದೆಂದು ಎಣಿಸಬಾರದು.

ಹೊಳೆದಾಸವಾಳ, ನಂದಿಗಳ ಮರಕ್ಕೆ ನಾಟಾ ಬೆಲೆಯುಂಟು. ಆದರೆ ಬೆಳೆಸುವುದು ಸುಲಭ, ಕಡಿಯುವುದಕ್ಕೆ ಕಟ್ಟುಪಾಡಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸಿಲ್ವರ್ ಓಕಿನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ ಇಂಥ ಮರಗಳನ್ನು ಸ್ವಂತ ಜಮೀನಿನಲ್ಲಿಯೂ ಅರಣ್ಯ ಇಲಾಖೆಯ ಅನುಮತಿ ಪಡೆದೇ ಕಡಿಯಬೇಕು. ಮಗಳ ಮದುವೆಗೋ ಮನೆಯ ಮಾಡಿಗೋ ಆದೀತೆಂದು ನೆಡುವವರು, ಮರದ ದಾಖಲೆಯನ್ನು ಪಹಣಿಯಲ್ಲಿ ಮೊದಲೇ ಮಾಡಿಸಿಕೊಳ್ಳುವುದು ಜಾಣತನ.

ಹಾಗಾದರೆ ಏಕೆ ನೆಡಬೇಕು? ಅಡಿಕೆಗೆ ಬೆಲೆ ಬಂದ ಮೇಲೆ ನಮ್ಮ ಹೊಲಗಳ ಬದುಗಳು ಕಿರಿದಾಗಿವೆ. ಹಳೆಯ ಹೊಂಗೆ, ಬೇವು, ಹುಣಿಸೆ ಒಂದೊಂದಾಗಿ ಹೋದವು. ಅವುಗಳ ಜಾಗಕ್ಕೂ ಒಂದು ಸಾಲು ಅಡಿಕೆ ಬಂತು. ಕಣ್ಣು ಹಾಯಿಸಿದಷ್ಟು ದೂರಕ್ಕೂ ಒಂದೇ ಮರ. ಒಂದೇ ಬೆಳೆಯನ್ನು ನಂಬಿದ ನೆಲಕ್ಕೆ ಬೆಲೆಯಾಗಲಿ ರೋಗವಾಗಲಿ ಒಮ್ಮೆ ಮುನಿದರೆ ಆಗುವ ಪಾಡು ಬೆಳೆಗಾರರಿಗೆ ತಿಳಿಯದ್ದಲ್ಲ. ಒಂದು ಕ್ರೇಪ್ ಗಿಡ ಆ ಕೊರತೆಯನ್ನು ತುಂಬಿಕೊಡುತ್ತದೆಂದು ನಾವು ಹೇಳುವುದಿಲ್ಲ. ಆದರೆ ಬೇರೆ ಮರಕ್ಕೂ ತೋಟದಲ್ಲಿ ಜಾಗವಿದೆ ಎಂಬ ರೂಢಿ ಮನೆಯ ಬಾಗಿಲಿನಿಂದ ಮತ್ತೆ ಮೊದಲಾಗಲಿ. ಅಲ್ಲಿಂದ ಬದುವಿಗೆ ಒಂದು ಹೊಂಗೆ, ಹಳ್ಳದ ದಂಡೆಗೆ ಒಂದು ಹೊಳೆದಾಸವಾಳ ಹೋಗಲು ತಡವಾಗದು.

ಈ ಮಳೆಗಾಲಕ್ಕೆ ಒಂದೇ ಒಂದು ಗುಂಡಿ ತೆಗೆಯಿರಿ. ನೀರು ನಿಲ್ಲುವ ಜಾಗವಾದರೆ ಹೊಳೆದಾಸವಾಳ, ಬಿಸಿಲಿನ ಏರಾದರೆ ಕ್ರೇಪ್ ಗಿಡ, ಜಾಗ ಬಹಳವಿದ್ದರೆ ನಂದಿ. ಎರಡು ಬೇಸಿಗೆ ನೀರು ಕೊಡಿ, ಕತ್ತಿಯನ್ನು ದೂರವಿಡಿ, ಸುಣ್ಣದ ಬುರುಡೆಯನ್ನು ಇನ್ನೂ ದೂರವಿಡಿ. ಉಳಿದುದನ್ನು ಮರವೇ ನೋಡಿಕೊಳ್ಳುತ್ತದೆ.